ದುರ್ಯೋಧನನ ಪಾತ್ರ ಖಾಲಿ ಇಲ್ಲ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಯಾವುದಾದರೂ ಊರಿನಲ್ಲಿ ಸುಗ್ಗಿ ಮುಗಿದು, ರಾಗಿ ಮನೆ ಸೇರಿ, ಸಂಜೆ ಅರಳಿಕಟ್ಟೆಯ ಮೇಲೆ ಕೂತ ಹತ್ತು ಜನರಲ್ಲಿ ಒಬ್ಬ “ಈ ವರ್ಸ ಹಬ್ಬುಕ್ಕೆ ಒಂದು ಕುರುಕ್ಷೇತ್ರ ಆಡ್ಬುಡವ ಕಣ್ರಲಾ” ಅಂದ ಗಳಿಗೆಯಿಂದ ಈ ಕೈಪಿಡಿ ಜಾರಿಗೆ ಬರುತ್ತದೆ. ಹಾಗೆ ಅಂದವನಿಗೆ ದುರ್ಯೋಧನ ಆಗುವ ಆಸೆ. ಉಳಿದ ಒಂಬತ್ತು ಜನರಿಗೂ ಅದೇ ಆಸೆ. ಓದುಬರಹ ಬರುತ್ತದೆ, ಹಾಡಲು ಬರುವುದಿಲ್ಲ ಎಂಬ ಎರಡು ಅರ್ಹತೆಗಳ ಮೇಲೆ ನೀವು ನಾಟಕ ಮಂಡಳಿಯ ಕಾರ್ಯದರ್ಶಿಯಾಗಿ ಸರ್ವಾನುಮತದಿಂದ ಆಯ್ಕೆಯಾಗಿದ್ದೀರಿ. ಅಭಿನಂದನೆಗಳು. ಇನ್ನು ನಾಟಕದ ಮಾರನೆಯ ದಿನದವರೆಗೆ ನಿಮಗೆ ಊರಿನಲ್ಲಿ ಸ್ನೇಹಿತರಿರುವುದಿಲ್ಲ.

ನಿಮಗೆ ಒಪ್ಪಿಸಿರುವ ಲೋಕದಲ್ಲಿ ಹದಿನೆಂಟು ಅಕ್ಷೋಹಿಣಿ ಸೇನೆ ಇದೆ, ನೂರಾಐದು ಜನ ದಾಯಾದಿಗಳಿದ್ದಾರೆ, ಆದರೆ ಅದು ಯಾರ ಹೆಸರಿಗೂ ಖಾತೆಯಾಗಿಲ್ಲ. ಖಾತೆಯಾಗದ ಜಮೀನಿಗೆ ಎಲ್ಲರೂ ಬೇಲಿ ಹಾಕಲು ಬರುತ್ತಾರೆ ಎಂಬುದನ್ನು ಈ ಸೀಮೆಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿಲ್ಲ.

ಜಾಗ ಗೊತ್ತುಮಾಡಿಕೊಳ್ಳುವುದು

ಕುರುಕ್ಷೇತ್ರ ಹರಿಯಾಣದಲ್ಲಿದೆ ಎಂದು ಭೂಗೋಳದ ಪುಸ್ತಕ ಹೇಳುತ್ತದೆ. ಅದನ್ನು ಪಕ್ಕಕ್ಕಿಡಿ. ಚನ್ನಪಟ್ಟಣದ ಕಣ್ವ ಹೊಳೆಯ ದಂಡೆಯಲ್ಲಿ ಕಣ್ವ ಮಹರ್ಷಿ ತಪಸ್ಸು ಮಾಡಿದರೆಂಬುದು ಇಲ್ಲಿನವರ ನಂಬಿಕೆ. ಕಣ್ವರ ಆಶ್ರಮದಲ್ಲಿ ಬೆಳೆದವಳು ಶಕುಂತಲೆ, ಅವಳ ಮಗ ಭರತ, ಭರತನ ವಂಶದವರೇ ಕೌರವರು, ಪಾಂಡವರು. ಲೆಕ್ಕ ಹಾಕಿ ನೋಡಿದರೆ ದುರ್ಯೋಧನ ಅಜ್ಜಿಯ ಕಡೆಯಿಂದ ಚನ್ನಪಟ್ಟಣ ತಾಲ್ಲೂಕಿನವನು. ಅಲ್ಲಿಂದ ಬಸ್ಸು ಹತ್ತಿ ರಾಮನಗರದಲ್ಲಿ ಇಳಿದರೆ ರಾಮದೇವರ ಬೆಟ್ಟ. ಅಲ್ಲಿ ರಾಮ ಕಾಕಾಸುರನ ಮೇಲೆ ಬಾಣ ಬಿಟ್ಟ ಕತೆ. ದ್ವಾಪರಕ್ಕೂ ತ್ರೇತಾಯುಗಕ್ಕೂ ನಡುವೆ ಇಲ್ಲಿ ಅರ್ಧ ಗಂಟೆಯ ದಾರಿ.

ಹೊರಗಿನವರೂ ಕೈ ಹಾಕಿದ್ದಾರೆ. 1973ರ ಅಕ್ಟೋಬರಿನಲ್ಲಿ ಬೊಂಬಾಯಿಯವರು ಇದೇ ರಾಮದೇವರ ಬೆಟ್ಟದ ಬುಡದಲ್ಲಿ ರಾಮಗಢವೆಂಬ ಊರು ಕಟ್ಟಿ ‘ಶೋಲೆ’ ತೆಗೆಯಲು ಶುರುಮಾಡಿದರು. ಚಿತ್ರ 1975ರಲ್ಲಿ ತೆರೆಕಂಡಿತು, ಊರನ್ನು ಕಿತ್ತುಕೊಂಡು ಹೋದರು, ಗಬ್ಬರ್ ಸಿಂಗ್ ಕೂತಿದ್ದ ಬಂಡೆ ಮಾತ್ರ ಇವತ್ತಿಗೂ ಇಲ್ಲೇ ಇದೆ ಎಂದು ತೋರಿಸುವವರು ಹತ್ತು ಜನ ಸಿಗುತ್ತಾರೆ, ಹತ್ತೂ ಬೇರೆ ಬೇರೆ ಬಂಡೆ. ಇನ್ನೊಂದು ಹತ್ತು ವರ್ಷದೊಳಗೆ ಡೇವಿಡ್ ಲೀನ್ ಬಂದು, ಬಿಹಾರದಲ್ಲಿರಬೇಕಾದ ಮರಬಾರ್ ಗುಹೆಗಳನ್ನು ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕಾಗಿ ಮಾಗಡಿಯ ಸಾವನದುರ್ಗದಲ್ಲಿ ತೋರಿಸಿದ. ಆದ್ದರಿಂದ ತಾಲೀಮಿನ ನಡುವೆ ಯಾರಾದರೂ ವಿದುರನ ಗುಡಿಸಲು ತಮ್ಮ ತೋಟದ ಪಕ್ಕದಲ್ಲೇ ಇತ್ತು ಎಂದರೆ ವಾದಕ್ಕೆ ಇಳಿಯಬೇಡಿ. ಆ ಪಾತ್ರಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿ.

ಪಾತ್ರ ಕೊಡುವುದು

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ವೃತ್ತಿ ಕಂಪನಿಗಳಲ್ಲಿ ಯಜಮಾನ ನಟನಿಗೆ ಸಂಬಳ ಕೊಡುತ್ತಿದ್ದ. ಹಳ್ಳಿಯ ಪೌರಾಣಿಕ ನಾಟಕದಲ್ಲಿ ನಟನೇ ದುಡ್ಡು ಕೊಟ್ಟು ನಟಿಸುತ್ತಾನೆ. ಸೀನರಿಯವರು, ಡ್ರೆಸ್ಸಿನವರು, ಮೈಕ್‌ಸೆಟ್‌ನವರು, ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳು ಇವರೆಲ್ಲರ ಖರ್ಚು ಪಾತ್ರಧಾರಿಗಳ ವಂತಿಗೆಯಿಂದಲೇ ಹುಟ್ಟಬೇಕು. ಪದ್ಯ ಜಾಸ್ತಿ ಇದ್ದಷ್ಟೂ ಪಾತ್ರದ ಬೆಲೆ ಜಾಸ್ತಿ. ಕೃಷ್ಣ, ದುರ್ಯೋಧನ ಮೇಲಿನ ದರ್ಜೆ. ಭೀಮ, ಅರ್ಜುನ, ಕರ್ಣ ಅದರ ಕೆಳಗೆ. ಧರ್ಮರಾಯನನ್ನು ವಯಸ್ಸಾದ, ಸಾಲವಿಲ್ಲದ ಒಬ್ಬರು ಕೇಳಿ ತೆಗೆದುಕೊಳ್ಳುತ್ತಾರೆ. ಮಾರಲು ಕಷ್ಟವಾಗುವುದು ನಕುಲ, ಸಹದೇವ. ಮುಂದಿನ ವರ್ಷ ಅಭಿಮನ್ಯು ಕೊಡುತ್ತೇವೆಂದು ಹೇಳಿ ಇಬ್ಬರು ಹುಡುಗರನ್ನು ನಿಲ್ಲಿಸಿ. ಬಹಳ ಊರುಗಳಲ್ಲಿ ನಕುಲನಾಗಿ ನಿಂತ ಹುಡುಗ ಮೀಸೆ ನರೆತ ಮೇಲೂ ಆ ಅಭಿಮನ್ಯುವಿಗಾಗಿ ಕಾಯುತ್ತಿರುತ್ತಾನೆ.

ದುರ್ಯೋಧನ ಒಬ್ಬನೇ, ಆಕಾಂಕ್ಷಿಗಳು ಹತ್ತು. ಇದಕ್ಕೆ ಹಿರಿಯರು ಪರಿಹಾರ ಕಂಡುಕೊಂಡಿದ್ದಾರೆ. ಒಂದನೇ ದುರ್ಯೋಧನ, ಎರಡನೇ ದುರ್ಯೋಧನ, ಮೂರನೇ ದುರ್ಯೋಧನ. ಕೃಷ್ಣನಿಗೂ ಹಾಗೆಯೇ. ನಿದ್ದೆ ಮಾಡುವ ಕೃಷ್ಣ ಒಬ್ಬ, ಸಂಧಾನಕ್ಕೆ ಹೋಗುವ ಕೃಷ್ಣ ಇನ್ನೊಬ್ಬ, ರಥ ಹೊಡೆಯುವವನು ಮತ್ತೊಬ್ಬ. ಒಂದನೆಯವನು ದಪ್ಪ, ಎರಡನೆಯವನು ಕಡ್ಡಿ, ಮೂರನೆಯವನಿಗೆ ಕನ್ನಡಕ ತೆಗೆದರೆ ರಥವೇ ಕಾಣುವುದಿಲ್ಲ. ಪ್ರೇಕ್ಷಕರಿಗೆ ಇದರಿಂದ ಏನೂ ತೊಂದರೆಯಿಲ್ಲ. ನವಿಲುಗರಿ ಎಲ್ಲಿದೆಯೋ ಅಲ್ಲಿ ಕೃಷ್ಣ. ತೊಂದರೆ ಬರುವುದು ಗರಿ ಹಸ್ತಾಂತರವಾಗುವಾಗ. ಒಳಗೆ ಹೋದ ಕೃಷ್ಣ ಕಿರೀಟ ಬಿಚ್ಚಲು ತಡಮಾಡಿದರೆ ಹೊರಗೆ ಮೇಷ್ಟ್ರು ಒಂದೇ ರಾಗವನ್ನು ಎಳೆಯುತ್ತಾ ಕೂರಬೇಕಾಗುತ್ತದೆ. ಪರದೆ ಬಿದ್ದ ಕೂಡಲೇ ಕಿರೀಟ ಕೊಡತಕ್ಕದ್ದು ಎಂದು ಮೊದಲೇ ಕರಾರು ಮಾಡಿಕೊಳ್ಳಿ.

ಸಂಧಾನದ ಸೀನು ಯಾರಿಗೆ ಎಂಬುದರ ಮೇಲೆ ಊರು ಎರಡಾಗುವ ಲಕ್ಷಣ ಕಂಡರೆ ದೇವಸ್ಥಾನದಲ್ಲಿ ಚೀಟಿ ಹಾಕಿ, ಏನೂ ಅರಿಯದ ಮಗುವಿನ ಕೈಲಿ ಎತ್ತಿಸಿ. ದೇವರ ಮುಂದೆ ಎತ್ತಿದ ಚೀಟಿಗೆ ಮೇಲ್ಮನವಿ ಇಲ್ಲ. ಮಗು ಮಾತ್ರ ನಿಮ್ಮ ಮನೆಯದಾಗಿರಬಾರದು.

ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ದುಡ್ಡಿಗೆ ಸಿಗುವುದು ಪದ್ಯಗಳ ಲೆಕ್ಕ, ರಂಗದ ಮೇಲಿನ ಹೊತ್ತು, ಕರಪತ್ರದಲ್ಲಿ ಫೋಟೊ. ಯಾರು ಸಾಯುತ್ತಾರೆ, ಯಾರ ಕೈಯಲ್ಲಿ ಸಾಯುತ್ತಾರೆ ಎಂಬುದು ಮಾರಾಟಕ್ಕಿಲ್ಲ. ಇದನ್ನು ಕೇಳಿ ಬರುವವರು ಇದ್ದೇ ಇರುತ್ತಾರೆ. ದ್ರೋಣನ ಪಾತ್ರಧಾರಿಯ ಮಗ ಬಂದು, “ಮನೇಲಿ ಮದ್ವೆ ಮಡಗಿದೀವಿ ಅಣ್ಣ, ಅಪ್ಪನ ತಲೆ ತೆಗೆಯೋದೊಂದು ಬ್ಯಾಡ, ಅವ್ವ ಅಳ್ತಾ ಕುಂತವ್ಳೆ” ಎನ್ನುತ್ತಾನೆ. ಅವನ ಸಂಕಟ ನಿಜವಾದದ್ದು. ದ್ರೋಣನನ್ನು ಬದುಕಿಸಲು ನಿಮಗೆ ಅಧಿಕಾರವಿಲ್ಲ, ಆದರೆ ಪರದೆಯ ಹಿಂದೆ ಸಾಯಿಸಲು ಅಧಿಕಾರವಿದೆ. ಒಬ್ಬ ಚಾರ ಓಡಿಬಂದು ಸುದ್ದಿ ಹೇಳಿದರೆ ಸಾಕು. ಭರತನ ನಾಟ್ಯಶಾಸ್ತ್ರವೂ ರಂಗದ ಮೇಲೆ ಸಾವು ತೋರಿಸಬೇಡಿ ಎಂದೇ ಹೇಳುತ್ತದೆ. ಅದನ್ನು ಮೀರಿ ದುರ್ಯೋಧನನನ್ನು ಎಲ್ಲರೆದುರು ಸಾಯಿಸಿದ ಭಾಸನ ಮನೆಯಲ್ಲಿ ಆ ವರ್ಷ ಮದುವೆ ಇರಲಿಲ್ಲವೇನೋ.

ಹುಳ ಮತ್ತು ತಾಲೀಮು

ತಾಲೀಮಿನ ದಿನಗಳನ್ನು ಪಂಚಾಂಗ ನೋಡಿ ಗೊತ್ತುಮಾಡಬೇಡಿ. ಯಾರ ಮನೆಯ ರೇಷ್ಮೆಹುಳ ಎಷ್ಟನೇ ಜ್ವರದಲ್ಲಿದೆ ಎಂದು ವಿಚಾರಿಸಿ. ಜ್ವರಕ್ಕೆ ಕೂತಾಗ ಹುಳ ತಿನ್ನುವುದಿಲ್ಲ, ಆಗ ಮನೆಯವನಿಗೆ ಪುರಸೊತ್ತು. ಒಂದು ದಿನದಲ್ಲಿ ಅರ್ಜುನನ ನಾಲ್ಕು ಪದ್ಯ ಬಾಯಿಪಾಠ ಮಾಡಿಸಿಬಿಡಬಹುದು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹಗಲೂ ರಾತ್ರಿ ಮೇಯುತ್ತದೆ, ಸೊಪ್ಪು ಕೊಯ್ದು ತಂದು ಹಾಕಿದಷ್ಟೂ ಸಾಲದು, ಆ ವಾರ ಅರ್ಜುನ ಬರುವುದಿಲ್ಲ. ಹುಳ ಹಣ್ಣಾದ ದಿನ ಮನೆಮಂದಿಯೆಲ್ಲ ಕೂತು ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಅವತ್ತು ಅವನಿಗೆ ಫೋನ್ ಮಾಡಿ ಗಾಂಡೀವದ ಮಾತೆತ್ತಿದರೆ ನಿಮ್ಮ ಮರ್ಯಾದೆ ಉಳಿಯುವುದಿಲ್ಲ.

ವಂತಿಗೆಯೂ ಇದೇ ದಾರಿಯಲ್ಲಿ ಬರುತ್ತದೆ. “ಗೂಡು ಇಳಿಸಿದ್ ಮ್ಯಾಲೆ ಕೊಡ್ತೀನಿ” ಎಂಬುದು ಈ ಸೀಮೆಯಲ್ಲಿ ಪ್ರಾಮಿಸರಿ ನೋಟಿಗೆ ಸಮ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದು ಎನ್ನುತ್ತಾರೆ. ಅಲ್ಲಿನ ಹರಾಜಿನಲ್ಲಿ ರೇಟು ಹತ್ತು ರೂಪಾಯಿ ಏರಿದರೆ ಸಂಜೆಗೆ ಭೀಮ ಎರಡು ಪದ್ಯ ಜಾಸ್ತಿ ಕೇಳುತ್ತಾನೆ. ಇಳಿದರೆ “ಘಟೋತ್ಕಚ ಖಾಲಿ ಐತಾ?” ಎಂದು ಪಕ್ಕದವನ ಕೈಲಿ ಕೇಳಿಸುತ್ತಾನೆ. ಕೇಳಿಸಿದ್ದಕ್ಕೆ ನಗಬೇಡಿ. ಸೀನು ಹಾಗೇ ಇರಲಿ, ದುಡ್ಡು ಮುಂದಿನ ಬೆಳೆಗೆ ಕೊಡಲಿ.

ಸೇರ್ಪಡೆ ಅರ್ಜಿಗಳು

ಎರಡನೇ ವಾರದಿಂದ ಅರ್ಜಿಗಳು ಶುರುವಾಗುತ್ತವೆ. ಬರೆದು ಯಾರೂ ಕೊಡುವುದಿಲ್ಲ. ಟೀ ಅಂಗಡಿಯ ಮುಂದೆ ಹೆಗಲ ಮೇಲೆ ಕೈ ಹಾಕಿ “ಒಸಿ ಈ ಕಡೀಕ್ ಬನ್ನಿ ಅಣ್ಣ” ಎಂದು ಕರೆದುಕೊಂಡು ಹೋಗುವುದೇ ಅರ್ಜಿಯ ನಮೂನೆ. ಒಂದು ಪದ್ಯ ಸೇರಿಸಬೇಕು, ಒಂದು ಸೀನು ಸೇರಿಸಬೇಕು, ತಾತನ ಹೆಸರು ಎಲ್ಲಾದರೂ ಬರಬೇಕು.

ಯಾವುದಕ್ಕೆ ಸೇರಿಸುವುದು ಎಂಬುದನ್ನು ನೀವು ಮೊದಲು ತಿಳಿದಿರಬೇಕು. ಅಂಗಡಿಯಲ್ಲಿ ಸಿಗುವ ಅಚ್ಚಾದ ನಾಟಕದ ಪುಸ್ತಕವನ್ನು ಕಾರ್ಯದರ್ಶಿಗಳು ಮಾತ್ರ ನಂಬುತ್ತಾರೆ. ಅಸಲು ಪ್ರತಿ ಇರುವುದು ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ. ರಟ್ಟು ಹೋಗಿ, ದಬ್ಬಣದಲ್ಲಿ ಹೊಲಿದ ಉದ್ದನೆಯ ನೋಟ್‌ಬುಕ್ಕು. ನೀಲಿ ಶಾಯಿಯಲ್ಲಿರುವುದು ಅವರ ಗುರುಗಳಿಂದ ಬಂದದ್ದು. ಕಪ್ಪು ಬಾಲ್‌ಪೆನ್ನಿನದು ಅವರೇ ಕಟ್ಟಿದ್ದು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ರಾಗದ ಹೆಸರು, ಮೋಹನ ಎಂದು ಬರೆದು ಹೊಡೆದುಹಾಕಿ ಹಿಂದೋಳ ಎಂದು ತಿದ್ದಿದ್ದು. ಕೆಲವು ಹಾಳೆಗಳ ನಡುವೆ ಮದುವೆ ಕಾಗದದ ಹಿಂಬದಿಯಲ್ಲಿ ಬರೆದ ಪದ್ಯಗಳು, ಯಾವುದೋ ಊರಿನ ಕರ್ಣ ಬೇಕೆಂದು ಹಟಹಿಡಿದು ಬರೆಸಿಕೊಂಡವು. ಅಂಚಿನಲ್ಲಿ ಸಣ್ಣಕ್ಷರದಲ್ಲಿ ‘ಕೃಷ್ಣ 2 ಇಲ್ಲಿ ಬರುವನು’, ‘ಟೀ’, ‘ಈ ಊರಿನಲ್ಲಿ ಬೇಡ’. ನಾಲ್ಕು ತಾಲ್ಲೂಕುಗಳ ಕುರುಕ್ಷೇತ್ರ ಆ ನೋಟ್‌ಬುಕ್ಕಿನಲ್ಲಿದೆ. ಅದಕ್ಕೆ ನೀವು ಕೈ ಹಾಕಬೇಡಿ, ಹಾಕಲು ಮೇಷ್ಟ್ರು ಬಿಡುವುದೂ ಇಲ್ಲ.

ಮಹಾಭಾರತಕ್ಕೆ ಏನನ್ನೂ ಸೇರಿಸಬಾರದು ಎಂದು ಹೇಳುವ ದಡ್ಡತನ ಮಾಡಬೇಡಿ. ಕನ್ನಡ ಎಂ.ಎ. ಮಾಡಿದ ಯಾವನಾದರೊಬ್ಬ ಪಂಪನನ್ನು ತಂದು ಮುಂದೆ ನಿಲ್ಲಿಸುತ್ತಾನೆ. 941ರಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನನ್ನಾಗಿ ಮಾಡಿ ಇಡೀ ಭಾರತ ಬರೆದ. ದೊರೆಗೆ ಇರಿಸುಮುರಿಸಾಗದಿರಲೆಂದೋ ಏನೋ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಕೊಟ್ಟ. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನನ್ನಾಗಿ ಮಾಡಿದ. ಕುಮಾರವ್ಯಾಸ ಹತ್ತು ಪರ್ವ ಬರೆದು ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ದಾನಿಯ ಹೆಸರು ಕತೆಯೊಳಗೆ ಬರಬೇಕೆಂಬ ಆಸೆ ನಿಮ್ಮ ಊರಿನ ಕ್ವಾರಿ ಮಾಲೀಕರಿಂದ ಶುರುವಾದದ್ದಲ್ಲ.

ಕಳೆಯುವ ದಾರಿಯನ್ನೂ ಹಿಡಿದವರಿದ್ದಾರೆ. ಪುಣೆಯ ಭಂಡಾರಕರ್ ಸಂಸ್ಥೆಯ ಪಂಡಿತರು 1919ರಲ್ಲಿ ಕೂತು 1966ರಲ್ಲಿ ಎದ್ದರು. 1,259 ಹಸ್ತಪ್ರತಿಗಳನ್ನು ಹೋಲಿಸಿ, ಯಾವುದು ಮೂಲದ್ದು, ಯಾವುದು ಆಮೇಲೆ ಯಾರೋ ತುರುಕಿದ್ದು ಎಂದು ಸೋಸಿದರು. ವ್ಯಾಸರು ಹೇಳಿದ್ದನ್ನು ಗಣಪತಿ ಬರೆದುಕೊಂಡ ಕತೆ ಅನುಬಂಧಕ್ಕೆ ಹೋಯಿತು. ಸೀರೆ ಸೆಳೆಯುವಾಗ ದ್ರೌಪದಿ ಕೃಷ್ಣನನ್ನು ಕೂಗುವ ಮಾತುಗಳೂ ಮೂಲಪಠ್ಯದಿಂದ ಕೆಳಗಿಳಿದವು. ವಿದ್ವತ್ತಿಗೆ ಕೈಮುಗಿಯೋಣ. ಆದರೆ ನಿಮ್ಮ ನಾಟಕ ಶುರುವಾಗುವುದೇ ಗಣಪತಿ ಪೂಜೆಯಿಂದ. ಇನ್ನು ಆ ಸೀನಿನಲ್ಲಿ ಕೃಷ್ಣ ಬರುವುದಿಲ್ಲವೆಂದು ಒಂದನೇ ಕೃಷ್ಣನಿಗೆ ತಿಳಿಸಿ ನೋಡಿ, ಅವತ್ತೇ ದುಡ್ಡು ವಾಪಸ್ ಕೇಳುತ್ತಾನೆ. ತನ್ನ ಅಪ್ಪನ ಮೂಳೆಯಲ್ಲಿ ಶಕುನಿ ದಾಳ ಮಾಡಿಸಿದ ಕತೆಯೂ ಪುಣೆಯ ಪಠ್ಯದಲ್ಲಿಲ್ಲ. ಇಲ್ಲಿ ಶಕುನಿಗೆ ಚಪ್ಪಾಳೆ ಬೀಳುವುದು ಆ ಒಂದು ಜಾಗದಲ್ಲೇ.

ಹಾಗಾದರೆ ಯಾವುದಕ್ಕೆ ಒಪ್ಪುವುದು, ಯಾವುದಕ್ಕೆ ಒಪ್ಪದಿರುವುದು? ಮೇಷ್ಟ್ರು ಅನುಸರಿಸುವ ಪರೀಕ್ಷೆ ಸುಲಭವಾದದ್ದು. ಇದನ್ನು ಸೇರಿಸಿದ ಮೇಲೂ ಮುಂದಿನ ಸೀನಿನವನು ತನ್ನ ಮೊದಲ ಪದ್ಯವನ್ನು ಇದ್ದಹಾಗೇ ಹೇಳಬಹುದೇ? ಹೇಳಬಹುದಾದರೆ ಸೇರಿಸು. ದುರ್ಯೋಧನನಿಗೂ ಭಾನುಮತಿಗೂ ಒಂದು ಯುಗಳಗೀತೆ ಬೇಕಂತೆ, ಬರಲಿ. ಯುದ್ಧಕ್ಕೆ ಹೊರಡುವವನು ಹಾಡಿಯೇ ಹೊರಡಲಿ. ಕುಂತಿಯ ಮಾತಿಗೆ ಕರ್ಣನ ಮನಸ್ಸು ಕರಗಿ ಪಾಂಡವರ ಕಡೆ ಹೋಗುವ ಹಾಗೆ ಮಾಡಿ ಎಂದು ಕರ್ಣನ ಪಾತ್ರಧಾರಿ ಕೇಳಿದರೆ, ಮುಂದೆ ಶಲ್ಯನಿಗೆ ಸಾರಥ್ಯ ಮಾಡಲು ಯಾರೂ ಉಳಿಯುವುದಿಲ್ಲ, ಶಲ್ಯನೂ ದುಡ್ಡು ಕೊಟ್ಟಿದ್ದಾನೆ. ಬೇರೆ ಕಾರಣ ಹೇಳಲೇಬೇಡಿ. ಧರ್ಮ, ಮೂಲ, ವ್ಯಾಸರು ಎಂದೆಲ್ಲ ಶುರುಮಾಡಿದರೆ ರಾತ್ರಿಯೆಲ್ಲ ವಾದ ಮಾಡುತ್ತಾನೆ. ಶಲ್ಯ ನಿಮ್ಮ ಭಾಮೈದ, ಬೇಜಾರು ಮಾಡಿಕೊಳ್ಳುತ್ತಾನೆ ಎಂದರೆ ಸುಮ್ಮನಾಗುತ್ತಾನೆ.

ಪರೀಕ್ಷೆಯಲ್ಲಿ ಫೇಲಾದದ್ದನ್ನೂ ಎಸೆಯಬೇಡಿ, ಬೇರೆ ಜಾಗ ಹುಡುಕಿ. ಮಾಗಡಿ ಕಡೆಯ ಒಬ್ಬರು ತಮ್ಮ ಹಳ್ಳಿಕಾರ್ ಜೋಡಿಯನ್ನು ಅರ್ಜುನನ ರಥಕ್ಕೆ ಕಟ್ಟಲೇಬೇಕು ಎನ್ನುತ್ತಾರೆ. ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರು ಎಂಬುದು ಅವರಿಗೂ ಗೊತ್ತಿದೆ. ನಿಮ್ಮ ರಂಗ ನಿಂತಿರುವುದು ಡ್ರಮ್ಮುಗಳ ಮೇಲೆ ಹಾಸಿದ ಹಲಗೆಯಲ್ಲಿ. ಸಂಜೆ ಊರ ದೇವರ ಮುಂದಿನಿಂದ ಪಾತ್ರಧಾರಿಗಳ ಮೆರವಣಿಗೆ ಇಟ್ಟು, ಆ ಎತ್ತುಗಳನ್ನು ಮುಂದೆ ನಡೆಸಿ, ಕೊಂಬಿಗೆ ಹೂ ಸುತ್ತಿ. ಕನಕಪುರದವರು ಕಬ್ಬಾಳಮ್ಮನ ಪ್ರಾರ್ಥನೆ ಆಗಲೇಬೇಕೆಂದರೆ ಗಣಪತಿ ಸ್ತುತಿಯ ಬೆನ್ನಿಗೇ ಇಡಿ, ಹಸ್ತಿನಾವತಿಯೊಳಗೆ ಬೇಡ. 1977ರಲ್ಲಿ ಬಂದ ‘ಬಭ್ರುವಾಹನ’ದಲ್ಲಿ ರಾಜ್‌ಕುಮಾರ್ ಅಪ್ಪನೂ ಆಗಿ ಮಗನೂ ಆಗಿ ಎದುರುಬದುರು ನಿಂತು ಹಾಡಿದ್ದನ್ನು ನಿಮ್ಮ ಅರ್ಜುನ ನಲವತ್ತು ವರ್ಷದಿಂದ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದ್ದಾನೆ. ಬಭ್ರುವಾಹನನ ಕತೆ ಯುದ್ಧ ಮುಗಿದು ಅಶ್ವಮೇಧ ನಡೆಯುವಾಗಿನದು, ಕುರುಕ್ಷೇತ್ರದಲ್ಲಿ ಆ ಮಗನಿಗೆ ಜಾಗವಿಲ್ಲ. ರಾತ್ರಿ ಎರಡು ಗಂಟೆಗೆ ಸೀನರಿ ಬದಲಾಯಿಸುವ ಹೊತ್ತಿನಲ್ಲಿ ‘ವಿಶೇಷ ಗಾಯನ’ ಎಂದು ಅನೌನ್ಸ್ ಮಾಡಿಸಿ ಹಾಡಿಸಿ. ಜನ ಎದ್ದು ಕೂರುತ್ತಾರೆ, ಸೀನರಿಯವರೂ ಬೀಡಿ ಸೇದಿ ಬರುತ್ತಾರೆ.

ಉಳಿದದ್ದಕ್ಕೆಲ್ಲ ದ್ವಾರಪಾಲಕನಿದ್ದಾನೆ. ಬೋರ್‌ವೆಲ್ಲು, ಆನೆ ಹಾವಳಿ, ಪಂಚಾಯ್ತಿ ಎಲೆಕ್ಷನ್ನು, ಬಸ್ಸು ನಿಲ್ಲಿಸದ ಕಂಡಕ್ಟರು ಯಾವುದೇ ಇರಲಿ, ಆ ಹಾಸ್ಯದ ಪಾತ್ರದ ಬಾಯಲ್ಲಿ ಹಾಕಿ. ದ್ವಾಪರಯುಗದಲ್ಲಿ ಅವನೊಬ್ಬನಿಗೆ ಕಾಲದ ಕಟ್ಟುಪಾಡಿಲ್ಲ.

ಅಮ್ಮಾವ್ರು

ದ್ರೌಪದಿ, ಕುಂತಿ, ಸತ್ಯಭಾಮೆ, ಉತ್ತರೆ ಇವರನ್ನು ಆಡುವ ಕಲಾವಿದೆಯರು ಹೊರಗಿನಿಂದ ಬರುತ್ತಾರೆ. ಸೀಸನ್ನಿನಲ್ಲಿ ನಿನ್ನೆ ರಾತ್ರಿ ಮಾಗಡಿ ಕಡೆ ದ್ರೌಪದಿ, ಇವತ್ತು ಕನಕಪುರ ಕಡೆ ಕುಂತಿ, ನಾಳೆ ಬೆಂಗಳೂರಿನ ಕಲಾಕ್ಷೇತ್ರದಲ್ಲಿ ಗಾಂಧಾರಿ. ನಿಮ್ಮ ತಾಲೀಮಿಗೆ ಅವರು ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಸಾಯಂಕಾಲ ಟ್ರಂಕು ಇಳಿಸುತ್ತಲೇ ಕೇಳುವುದು ಮೂರು ಮಾತು. “ಯಾವ ಮೇಷ್ಟ್ರು? ಸಂಧಾನ ಎಷ್ಟೊತ್ತಿಗೆ? ಭೀಮಂಗೆ ಪದ್ಯ ಬತ್ತದಾ?” ಮೂರನೆಯದಕ್ಕೆ ಸುಳ್ಳು ಹೇಳಬೇಡಿ.

ಭೀಮನಿಗೆ ಪದ್ಯ ಬರುವುದಿಲ್ಲವೆಂದು ಗೊತ್ತಾದರೆ ಅವರು ರಂಗದ ಮೇಲೆ ನಿಲ್ಲುವ ಜಾಗವೇ ಬದಲಾಗುತ್ತದೆ. ಬಿಚ್ಚಿದ ಮುಡಿಯನ್ನು ಕೆನ್ನೆಯ ಮೇಲೆ ಎಳೆದುಕೊಂಡು, ಪ್ರೇಕ್ಷಕರಿಗೆ ಅರ್ಧ ಬೆನ್ನು ಮಾಡಿ, ಅಳುತ್ತಿರುವ ಹಾಗೆ ತಲೆ ತಗ್ಗಿಸಿ, ಆ ಕೂದಲ ಮರೆಯಿಂದ ಭೀಮನ ಸಾಲುಗಳನ್ನು ಒಂದೊಂದಾಗಿ ಕೊಡುತ್ತಾರೆ. ಮುಂದೆ ಕೂತವರಿಗೆ ದ್ರೌಪದಿಯ ದುಃಖ ಮಾತ್ರ ಕಾಣುತ್ತದೆ. ಭೀಮ ಗಾಬರಿಬಿದ್ದು ಹಿಂದಿನ ಸೀನಿಗೆ ಹೋಗಿಬಿಡುವುದೂ ಉಂಟು. ಆಗಲೇ ಸತ್ತು, ಬಣ್ಣ ತೊಳೆದು, ಕೆಳಗೆ ಕಡಲೆಪುರಿ ತಿನ್ನುತ್ತಾ ಕೂತಿರುವ ದುಶ್ಯಾಸನನ ಎದೆ ಬಗೆಯುತ್ತೇನೆಂದು ಗದೆ ಎತ್ತುತ್ತಾನೆ. ಆಗ ಅವರು ಸೆರಗು ಒಡ್ಡಿ, “ಸ್ವಾಮಿ, ಆ ಪ್ರತಿಜ್ಞೆ ತಾವು ಈಡೇರಿಸಿ ಆಯಿತು, ನನ್ನ ಮುಡಿಗೆ ಅವನ ರಕ್ತ ಹಚ್ಚಿದ್ದು ಮರೆತಿರಾ? ಇನ್ನು ಉಳಿದಿರುವುದು ಆ ಪಾಪಿಯ ತೊಡೆ” ಎಂದು ಹೇಳಿ ಯುದ್ಧವನ್ನು ಒಂದು ದಿನ ಮುಂದಕ್ಕೆ ತಳ್ಳುತ್ತಾರೆ. ಈ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಮೇಷ್ಟ್ರ ನೋಟ್‌ಬುಕ್ಕಿನಲ್ಲೂ ಇಲ್ಲ. ಈ ಲೋಕದ ಮೂಲೆಮೂಲೆ ಗೊತ್ತಿರುವವರು ಇವರು ಮತ್ತು ಮೇಷ್ಟ್ರು; ವಂತಿಗೆ ಕೊಡದವರೂ ಇವರೇ.

ಈ ಭಾಗದಲ್ಲಿ ತಮಾಷೆಯಿಲ್ಲದ ಸೂಚನೆಗಳೂ ಇವೆ. ಒಪ್ಪಿದ ಹಣವನ್ನು ಚವರಿ ಕಟ್ಟುವ ಮೊದಲೇ ಕೊಡಿ, ನಾಟಕ ಮುಗಿದ ಮೇಲೆ ಯಾರ್ಯಾರನ್ನೋ ಕೇಳಿಕೊಂಡು ಅಲೆಯುವ ಹಾಗೆ ಮಾಡಬೇಡಿ. ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ದೀಪ, ಕನ್ನಡಿ, ಪಾಯಿಖಾನೆ ಇರಲಿ. ಕುಡಿದು ಬಂದು “ಒಂದು ಡ್ಯಾನ್ಸ್ ಹಾಕ್ಸಿ” ಎನ್ನುವವನು ಎಷ್ಟೇ ದೊಡ್ಡ ದಾನಿಯಾಗಿದ್ದರೂ ರಂಗದ ಮೆಟ್ಟಿಲು ಹತ್ತಕೂಡದು. ಅವನನ್ನು ತಡೆಯಲು ನಕುಲ ಸಹದೇವರನ್ನು ನಿಲ್ಲಿಸಿ. ಅವರಿಗೆ ಬೇರೆ ಕೆಲಸವಿಲ್ಲ.

ಕರಪತ್ರ

ಫೋಟೊಗಳ ಅಳತೆ ಒಂದೇ ಇರಲಿ. ಊರಿನ ಜಗಳಗಳಲ್ಲಿ ಅರ್ಧ ಪಾಲು ಪ್ರೆಸ್ಸಿನವನು ಯಾರನ್ನೋ ಅರ್ಧ ಇಂಚು ದೊಡ್ಡದು ಮಾಡಿದ್ದರಿಂದ ಶುರುವಾದವು. ಜಿಲ್ಲೆಯ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪಟ್ಟಣ ಒಂದು ಕಾಲಕ್ಕೆ ಶಂಸೇರಾಬಾದ್, ಆಮೇಲೆ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. ಜಿಲ್ಲೆ 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಇಂಥ ಸೀಮೆಯಲ್ಲಿ ಹಸ್ತಿನಾವತಿಯ ವಿಳಾಸವನ್ನು ಯಾರೂ ಪ್ರಶ್ನಿಸುವುದಿಲ್ಲ. ನಾಟಕದ ಹೆಸರು ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂದಿರಲಿ. ‘ಅಥವಾ’ ಬಿಡಬೇಡಿ.

ಆ ರಾತ್ರಿ

ಒಂಬತ್ತಕ್ಕೆ ಶುರು ಎಂದು ಅಚ್ಚಾಗಿದ್ದರೆ ಹತ್ತೂವರೆಗೆ ಶುರು. ಜನಪ್ರತಿನಿಧಿಗಳು ಹನ್ನೊಂದೂವರೆಗೆ ಬರುತ್ತಾರೆ, ಅದೂ ಕೃಷ್ಣ ವಿಶ್ವರೂಪ ತೋರಿಸಲು ಕೈ ಎತ್ತಿದ ಕ್ಷಣಕ್ಕೆ ಸರಿಯಾಗಿ. ನಾಟಕ ನಿಲ್ಲಿಸಿ. ಹಾರ, ಶಾಲು, ಮೈಸೂರು ಪೇಟ ಸಿದ್ಧವಿರಲಿ. ಇಂಥ ಕಲೆ ಉಳಿಯಬೇಕು ಎಂದು ಇಪ್ಪತ್ತು ನಿಮಿಷ ಹೇಳಿ ಅವರು ಹೊರಡುತ್ತಾರೆ. ಅವರ ಹಿಂದೆ ಅರ್ಧ ಜನ ಹೊರಡುತ್ತಾರೆ. ವಿಶ್ವರೂಪವನ್ನು ಮೊದಲಿನಿಂದ ತೋರಿಸಬೇಕು, ಹಿಂದಿನ ಪದ್ಯದಿಂದ.

ಹಾರಗಳದ್ದು ಇನ್ನೊಂದು ಬಗೆಯ ಉಪದ್ರವ. ಪಾತ್ರಧಾರಿ ಪದ್ಯ ಎತ್ತಿದಾಗಲೇ ನೆಂಟರಿಗೆ ರಂಗ ಹತ್ತುವ ಉಮೇದು ಬರುತ್ತದೆ. ಚಕ್ರವ್ಯೂಹದಲ್ಲಿ ಆರು ಮಂದಿ ಮಹಾರಥರು ಅಭಿಮನ್ಯುವನ್ನು ಸುತ್ತುವರಿದು ನಿಂತಿರುವಾಗ ಅವನ ಸೋದರಮಾವ ಪಂಚೆ ಎತ್ತಿ ಕಟ್ಟಿಕೊಂಡು ಬಂದು, ದ್ರೋಣನನ್ನು ಒಸಿ ಸರೀರಿ ಎಂದು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ, ನೋಟಿನ ಹಾರ ಹಾಕಿ, ಫೋಟೊ ತೆಗೆಸಿಕೊಂಡು, ಸಲೀಸಾಗಿ ಹೊರಗೆ ಬರುತ್ತಾನೆ. ತಡೆಯಬೇಡಿ. ವ್ಯೂಹದಿಂದ ಹೊರಗೆ ಬರುವ ದಾರಿ ಅಭಿಮನ್ಯುವಿಗೆ ಗೊತ್ತಿರಲಿಲ್ಲ, ಸೋದರಮಾವನಿಗೆ ಗೊತ್ತಿತ್ತು. ವ್ಯಾಸರಲ್ಲಿ ಇರುವುದೂ ಇಷ್ಟೇ.

ಮೂರರ ಮೇಲೆ ಜನ ಕರಗುತ್ತಾರೆ. ಸೊಪ್ಪು ಕೊಯ್ಯುವವರು, ಡೇರಿಗೆ ಹಾಲು ಹಾಕುವವರು ನಾಲ್ಕೂವರೆಗೆ ಏಳುತ್ತಾರೆ. ಎಲ್ಲರಿಗಿಂತ ಹೆಚ್ಚು ವಂತಿಗೆ ಕೊಟ್ಟು ಕೊನೆಯ ದುರ್ಯೋಧನನನ್ನು ಹಿಡಿದುಕೊಂಡವನು ವೈಶಂಪಾಯನ ಸರೋವರದಿಂದ ಮೇಲೆ ಬರುವ ಹೊತ್ತಿಗೆ ಚಾಪೆಯ ಮೇಲೆ ಮಲಗಿದ ಮಕ್ಕಳು, ಒಂದೆರಡು ನಾಯಿ, ಹಟಹಿಡಿದು ಕೂತ ಮುದುಕರು ಮತ್ತು ಅವನ ಹೆಂಡತಿ ಇರುತ್ತಾರೆ. ಅವನು ಆ ಮುದುಕರಿಗೆಂದೇ ಹಾಡುತ್ತಾನೆ, ನೆನಪಿಡಿ. ಒಂದನೇ ದುರ್ಯೋಧನ ಊರೆಲ್ಲ ಎಚ್ಚರವಿದ್ದಾಗ ಹಾಡಿದ್ದಕ್ಕಿಂತ ಚೆನ್ನಾಗಿ ಹಾಡುವುದೂ ಉಂಟು. ಮೇಷ್ಟ್ರು ಸಹ ಆಗ ಆಕಳಿಕೆ ಬಿಟ್ಟು ಸರಿಯಾಗಿ ಕೂತು ಬಾರಿಸುತ್ತಾರೆ.

ಕಷ್ಟವೆಂದರೆ, ಅವನು ಬೀಳಲು ಒಪ್ಪುವುದಿಲ್ಲ. ಮೊದಲ ಬಸ್ಸಿಗೆ ಅವನ ಬೀಗರು ಬರುವವರಿದ್ದಾರೆ. ಅವರು ಬರುವತನಕ ತೊಡೆಗೆ ಎಷ್ಟು ಏಟು ಬಿದ್ದರೂ ನಿಂತೇ ಇರುತ್ತಾನೆ. ಭೀಮನಿಗೆ ತೋಳು ಸೋತಿದೆ, ಡೇರಿಗೆ ಹೊತ್ತಾಗುತ್ತಿದೆ. “ಬೀಳಲಾ ಮಾರಾಯ” ಎಂದು ಮೈಕಿನಲ್ಲಿ ಕೇಳುವ ಹಾಗೇ ಅಂದುಬಿಡುತ್ತಾನೆ. ನೀವು ಮಧ್ಯೆ ಹೋಗಬೇಡಿ. ಮೇಷ್ಟ್ರು ಹಾರ್ಮೋನಿಯಮ್ಮಿನ ಶ್ರುತಿ ಬಿಟ್ಟು ತಬಲದವರ ಮುಖ ನೋಡುತ್ತಾರೆ, ತಬಲದವರು ಕೈ ಎತ್ತುತ್ತಾರೆ. ಹಿಮ್ಮೇಳ ನಿಂತ ಮೇಲೆ ಯಾವ ದುರ್ಯೋಧನನೂ ಬಹಳ ಹೊತ್ತು ನಿಂತಿಲ್ಲ.

ಅವನ ವಂತಿಗೆಯಲ್ಲಿ ಬಾಕಿ ಏನಾದರೂ ಇದ್ದರೆ ಸರೋವರಕ್ಕೆ ಇಳಿಯುವ ಮುಂಚೆಯೇ ವಸೂಲು ಮಾಡಿಕೊಳ್ಳಿ. ಬಿದ್ದ ಮೇಲೆ ಕೊಟ್ಟ ದುರ್ಯೋಧನ ಇಲ್ಲ.